ಸುಣ್ಣ ಬಣ್ಣಕ್ಕಿಂತ ಮೊದಲು: ಹಳೆಯ ಮನೆ ಕೊಳ್ಳುವ ಕುಟುಂಬಗಳಿಗೆ ಕೆಲವು ಕಿವಿಮಾತು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳುತ್ತಾರೆ. ಇಂದು ನಗರದಲ್ಲಿ ಹೊಸ ಮನೆ ಕಟ್ಟಲಾಗದ ಅನೇಕರು ಹಳೆಯ ಮನೆ ಕೊಂಡು ದುರಸ್ತಿ ಮಾಡಿಸಿಕೊಳ್ಳುತ್ತಾರೆ. ಬೀದರ್ ಜಿಲ್ಲೆ ಭಾಲ್ಕಿ ತಾಲೂಕಿನ ಮೆಹಕರದಂತಹ ಊರಿನಿಂದ ಮಕ್ಕಳ ಓದಿಗೆಂದು ಬೀದರ್ ನಗರಕ್ಕೆ ಬರುವ ಒಂದು ಕುಟುಂಬವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕೈಯಲ್ಲಿರುವ ಹಣ ಸ್ವಲ್ಪವೇ. ಅದು ಸಾಮಾನ್ಯವಾಗಿ ಮೊದಲು ಬಣ್ಣಕ್ಕೆ ಮತ್ತು ಟೈಲ್ಸ್‌ಗೆ ಹೋಗುತ್ತದೆ. ಆದರೆ ಸರಿಯಾದ ಕ್ರಮ ಬೇರೆ: ಮೊದಲು ಕಾಗದಪತ್ರ, ಆಮೇಲೆ ಮಾಳಿಗೆ ಮತ್ತು ಗೋಡೆ, ನಂತರ ಮಗುವಿನ ಕೈಗೆಟಕುವ ಅಪಾಯಗಳು, ಎಲ್ಲಕ್ಕೂ ಕೊನೆಗೆ ಬಣ್ಣ.

ಕಿಲ್ಲಾರಿ ಕಲಿಸಿದ ಪಾಠ

1993ರ ಸೆಪ್ಟೆಂಬರ್ 30ರಂದು ಬೆಳಗಿನ ಜಾವ ನಾಲ್ಕು ಗಂಟೆಯ ಹೊತ್ತಿಗೆ ನೆರೆಯ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ಕಂಪಿಸಿತು. ಸರಕಾರಿ ಲೆಕ್ಕದಲ್ಲೇ ಸುಮಾರು 8,000 ಜನ ಸತ್ತರು. ಅವರಲ್ಲಿ ಹೆಚ್ಚಿನವರು ನಿದ್ದೆಯಲ್ಲಿದ್ದರು. ಅವರನ್ನು ಕೊಂದದ್ದು ಭೂಮಿಯಲ್ಲ, ಸ್ವಂತ ಮನೆಯ ಗೋಡೆ ಮತ್ತು ಮಾಳಿಗೆ.

ಕರಾವಳಿಯ ಹೆಂಚಿನ ಮನೆ ಕಂಡ ನಮಗೆ ಆ ಭಾಗದ ಮಾಳಿಗೆ ಮನೆಯ ಪರಿಚಯ ಕಡಿಮೆ. ಮಣ್ಣಿನ ಗಾರೆಯಲ್ಲಿ ಇಟ್ಟ ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ಮರದ ತೊಲೆ ಮತ್ತು ಹಲಗೆ, ಹಲಗೆಯ ಮೇಲೆ ಮಣ್ಣು. ಬೇಸಗೆಯಲ್ಲಿ ಇಂತಹ ಮನೆ ತಂಪು. ಆದರೆ ಮಳೆಗೆ ಸೋರಿದಾಗಲೆಲ್ಲ ಮೇಲೆ ಇನ್ನಷ್ಟು ಮಣ್ಣು ಹಾಕುತ್ತಾರೆ, ಭಾರ ವರ್ಷದಿಂದ ವರ್ಷಕ್ಕೆ ಏರುತ್ತದೆ. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ಕೋಣೆಯ ಮೇಲೆ ಒಂದು ಅಡಿ ಮಣ್ಣಿದ್ದರೆ ಅದು ಸುಮಾರು ಆರು ಟನ್ ಆಗುತ್ತದೆ. ಅದರ ಕೆಳಗೆ ನಮ್ಮ ಮಕ್ಕಳು ಮಲಗುತ್ತಾರೆ.

ಪರಿಹಾರ ಇದೆ. ಹೆಚ್ಚುವರಿ ಮಣ್ಣು ಇಳಿಸಿ, ನೀರು ಇಳಿಯದಂತೆ ಪ್ಲಾಸ್ಟಿಕ್ ಹಾಳೆ ಹಾಸಿ ತೆಳುವಾದ ಪದರ ಹಾಕಬೇಕು. ಗೋಡೆಯ ಎರಡು ಮೈಗಳನ್ನು ಬಂಧಿಸುವ ಅಡ್ಡಗಲ್ಲು ಅಥವಾ ಕಾಂಕ್ರೀಟ್ ಕೊಂಡಿ ಕೂರಿಸಬೇಕು. ಕಂಬ ತೊಲೆ ಕೂಡುವಲ್ಲಿ ಓರೆ ಆಧಾರ ಕೊಡಬೇಕು. ಇದನ್ನು ಇಂಜಿನಿಯರರ ಸಲಹೆಯಿಂದಲೇ ಮಾಡಿಸಿ. ಹಳೆಯ ಗೋಡೆಯ ಮೇಲೆ ಇನ್ನೊಂದು ಅಂತಸ್ತು ಏರಿಸುವ ಆಸೆ ಬೇಡ.

ನೆಲವನ್ನೂ ನೋಡಿ

ಬೀದರ್ ನಗರ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಎತ್ತರದ ನೆಲದಲ್ಲಿ. ಅದು ನಮ್ಮ ಕರಾವಳಿಯ ಮುರಕಲ್ಲಿನ ಜಾತಿಯದೇ. ಭಾಲ್ಕಿ, ಔರಾದ್ ಕಡೆ ಎರೆ ಮಣ್ಣು ಹೆಚ್ಚು. ಇದು ಮಳೆಯಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗುವುದರಿಂದ ಬಾಗಿಲು, ಕಿಟಕಿಗಳ ಮೂಲೆಯಲ್ಲಿ ಓರೆ ಬಿರುಕು ಬರುತ್ತದೆ. ಬಿರುಕಿನ ತುದಿಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆದಿಡಿ. ಒಂದು ಮಳೆಗಾಲ ಕಳೆದು ಬಿರುಕು ಗೆರೆ ದಾಟಿದ್ದರೆ ಅದು ಪುಟ್ಟಿ ಮೆತ್ತಿ ಮುಚ್ಚುವ ವಿಷಯವಲ್ಲ.

ಕಾಗದಪತ್ರ

ಕ್ರಯಪತ್ರಗಳ ಸರಣಿ ಮತ್ತು 30 ವರ್ಷದ ಋಣಭಾರ ಪತ್ರ ಕೇಳಿ. ನೋಂದಣಿಯಾಗದ ಕೈಸಾಲ, ಬಾಯಿಮಾತಿನ ಪಾಲು ಇದರಲ್ಲಿ ಕಾಣುವುದಿಲ್ಲ. ಆದ್ದರಿಂದ ಪಿತ್ರಾರ್ಜಿತ ಮನೆಯಾದರೆ ಹೆಣ್ಣುಮಕ್ಕಳೂ ಸೇರಿ ಎಲ್ಲ ವಾರಸುದಾರರ ಸಹಿ ಇರಲಿ. 2024ರ ಅಕ್ಟೋಬರ್‌ನಿಂದ ನಗರದ ಆಸ್ತಿಗಳ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿದೆ, ಮುದ್ರಾಂಕ ಶುಲ್ಕ ಬೇರೆ.

ಹಳೆ ಬೀದರಿನಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಕೋಟೆ, ಮಹಮೂದ್ ಗವಾನನ ಮದರಸಾ ಮುಂತಾದ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಖಾಸಗಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ, ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿಯೂ ಅನುಮತಿ ಪಡೆದೇ ಕಟ್ಟಬೇಕು. ಮುಂಗಡ ಕೊಡುವ ಮೊದಲೇ ಇದನ್ನು ವಿಚಾರಿಸಿ.

ಮಗುವಿನ ಎತ್ತರದಿಂದ

ಒಮ್ಮೆ ಮಂಡಿಯೂರಿ ಮನೆಯೆಲ್ಲ ಸುತ್ತಿ ಬನ್ನಿ. ನಿಂತಾಗ ಕಾಣದ ಅಪಾಯಗಳು ಆಗ ಕಾಣುತ್ತವೆ.

1. ನೀರು: ಅಂಬೆಗಾಲಿಡುವ ಮಗು ಬಕೆಟ್‌ನ ತಳದಲ್ಲಿರುವ ಸ್ವಲ್ಪ ನೀರಿನಲ್ಲೂ ಮುಳುಗಬಲ್ಲದು. ಬಕೆಟ್ ಬೋರಲು ಹಾಕಿ, ಸಂಪಿನ ಮುಚ್ಚಳಕ್ಕೆ ಬೀಗ ಹಾಕಿ.

2. ಮಾಳಿಗೆ, ಮೆಟ್ಟಿಲು: ತಡೆಗೋಡೆ ಕನಿಷ್ಠ ಒಂದು ಮೀಟರ್ ಇರಲಿ. ಗ್ರಿಲ್‌ನ ಸರಳು ನೆಟ್ಟಗಿರಲಿ, ನಡುವಿನ ಅಂತರ 10 ಸೆಂಟಿಮೀಟರ್ ಮೀರದಿರಲಿ. ಅಡ್ಡ ಸರಳು ಮಕ್ಕಳಿಗೆ ಏಣಿಯಾಗುತ್ತದೆ.

3. ವಿದ್ಯುತ್: ಹಳೆಯ ವೈರಿಂಗ್ ಬದಲಿಸಿ, ಅರ್ತಿಂಗ್ ಪರೀಕ್ಷಿಸಿ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ.

4. ವಿಷ: ಊರಲ್ಲಿ ಹೊಲ ಉಳಿಸಿಕೊಂಡವರ ಮನೆಗೆ ಕೀಟನಾಶಕವೂ ಬರುತ್ತದೆ. ಅದನ್ನಾಗಲಿ ಸೀಮೆಎಣ್ಣೆಯನ್ನಾಗಲಿ ತಂಪು ಪಾನೀಯದ ಬಾಟಲಿಗೆ ತುಂಬಿಸಬೇಡಿ. ಮಗು ಕುಡಿದರೆ ವಾಂತಿ ಮಾಡಿಸದೆ ಬಾಟಲಿ ಸಹಿತ ಆಸ್ಪತ್ರೆಗೆ ಧಾವಿಸಿ.

5. ಕಪಾಟು, ಟಿವಿ: ಗೋಡೆಗೆ ಬಿಗಿದು ನಿಲ್ಲಿಸಿ. ಮಗು ಹತ್ತಿದರೂ ಭೂಮಿ ನಡುಗಿದರೂ ಅವು ಮೊದಲು ಬೀಳುತ್ತವೆ.

ಕೊನೆಗೆ ಬಣ್ಣ

ಭಾರತದಲ್ಲಿ ಬಣ್ಣದಲ್ಲಿನ ಸೀಸಕ್ಕೆ 90 ಪಿಪಿಎಂ ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಆಯಿಲ್ ಪೇಂಟ್‌ನಲ್ಲಿ ಸೀಸ ಇರಬಹುದು, ಅದರ ಧೂಳು ಮಕ್ಕಳ ಮಿದುಳಿಗೆ ಹಾನಿ. ಹಳೆಯ ಬಾಗಿಲು, ಕಿಟಕಿಗಳನ್ನು ಒಣಗಿದಂತೆಯೇ ಉಜ್ಜಬೇಡಿ. ನೀರು ಹಾಕಿ ಒದ್ದೆಯಾಗಿ ಉಜ್ಜಿಸಿ, ಒದ್ದೆ ಬಟ್ಟೆಯಿಂದ ಒರೆಸಿ. ಕೆಲಸ ಮುಗಿಯುವ ತನಕ ಗರ್ಭಿಣಿಯರು, ಮಕ್ಕಳು ಅಲ್ಲಿ ಇರುವುದು ಬೇಡ.

ಹಣ ಸಾಲದಿದ್ದರೆ ಬಣ್ಣ ಮುಂದಿನ ವರ್ಷಕ್ಕೆ ಇರಲಿ. ಗೃಹಪ್ರವೇಶಕ್ಕೆ ಬಂದ ನೆಂಟರು ಗೋಡೆಯ ಅಂದ ನೋಡಿ ಮಧ್ಯಾಹ್ನದ ಊಟ ಮುಗಿಸಿ ಹೊರಡುತ್ತಾರೆ. ಆ ರಾತ್ರಿಯಿಂದ ಮಾಳಿಗೆಯ ಕೆಳಗೆ ಮಲಗುವವರು ನಮ್ಮ ಮಕ್ಕಳು.