ಕೆಂಡದಲ್ಲಿ ಸೀತನಿ, ನೆತ್ತಿಯಲ್ಲಿ ಕೃತ್ತಿಕೆ

ಮಲಪ್ರಭೆಯ ದಂಡೆಯ ಮುನವಳ್ಳಿ ಸೀಮೆಯಲ್ಲಿ ಹೊಲವೇ ಚಳಿಗಾಲದ ಬಿಡಾರ. ಹಿಂಗಾರಿ ಜೋಳದ ತೆನೆ ಹಾಲುಗಾಳು ದಾಟಿ ಬಲಿಯುವ ಮುನ್ನ, ಕುಳ್ಳಿನ ಕೆಂಡದಲ್ಲಿ ಸುಟ್ಟು ಬಿಸಿಬಿಸಿಯಾಗಿ ಉಜ್ಜಿ ಕಾಳು ಬಿಡಿಸಿದರೆ ಅದೇ ಸೀತನಿ. ಜೊತೆಗೆ ಬೆಲ್ಲ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಕಾಳಿನ ಸಕ್ಕರೆ ಇನ್ನೂ ಪೂರ್ತಿ ಪಿಷ್ಟವಾಗಿರುವುದಿಲ್ಲ, ಸಿಹಿಗೆ ಅದೇ ಕಾರಣ. ತೆನೆ ಬಲಿತರೆ ಆ ರುಚಿ ಹೋಯಿತು.

ಡಿಸೆಂಬರ್ ಕೊನೆ ಅಥವಾ ಜನವರಿಯಲ್ಲಿ ಬರುವ ಎಳ್ಳಮಾಸಿಯಂದು, ಅಂದರೆ ಎಳ್ಳು ಅಮಾವಾಸ್ಯೆಯಂದು, ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂಮಿತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲುತ್ತಾರೆ, ಅಲ್ಲೇ ಉಣ್ಣುತ್ತಾರೆ.

ಕತ್ತಲಾಗುವವರೆಗೂ ಉಳಿದವರಿಗೆ ಇನ್ನೊಂದು ಹಬ್ಬ ಕಾದಿದೆ. ಅಮಾವಾಸ್ಯೆಯಾದ್ದರಿಂದ ಚಂದ್ರನ ಬೆಳಕಿಲ್ಲ. ರಾತ್ರಿ ಒಂಬತ್ತರ ಸುಮಾರಿಗೆ ಪೂರ್ವದಲ್ಲಿ ಸಾಲಾಗಿ ನಿಂತ ಮೂರು ನಕ್ಷತ್ರಗಳನ್ನು ಮಕ್ಕಳೂ ಗುರುತಿಸಬಲ್ಲರು. ಆ ಸಾಲನ್ನೇ ಕೆಳಕ್ಕೆ ಎಳೆದರೆ ಲುಬ್ಧಕ: ಇರುಳಿನ ಅತ್ಯಂತ ಪ್ರಕಾಶಮಾನ ನಕ್ಷತ್ರ, ದೂರ 8.6 ಜ್ಯೋತಿರ್ವರ್ಷ. ಮೇಲಕ್ಕೆ ಎಳೆದರೆ ಕೆಂಪಗಿನ ರೋಹಿಣಿ, ಅದರಾಚೆ ಗೊಂಚಲಾಗಿ ಕೃತ್ತಿಕೆ.

ಕೃತ್ತಿಕೆಯ ಬೆಳಕು ನಮ್ಮನ್ನು ತಲುಪಲು ಸುಮಾರು 440 ವರ್ಷ ಬೇಕು. ಇಂದು ಕಾಣುವ ಕಿರಣ ಹೊರಟಾಗ ಕಿತ್ತೂರು ಚೆನ್ನಮ್ಮ ಹುಟ್ಟಿರಲಿಲ್ಲ, ಗೆಲಿಲಿಯೊ 1609ರಲ್ಲಿ ಆಕಾಶದತ್ತ ತಿರುಗಿಸಿದ ದೂರದರ್ಶಕವೂ ಇರಲಿಲ್ಲ. ನೋಡಲು ಬರಿಗಣ್ಣು ಸಾಕು. ಕೆಂಡಕ್ಕೆ ಬೆನ್ನು ಮಾಡಿ, ಮೊಬೈಲ್ ಆರಿಸಿ ಇಪ್ಪತ್ತು ನಿಮಿಷ ಕೂತರೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತದೆ. ಗೊಂಚಲಿನಲ್ಲಿ ಆರು ಚುಕ್ಕಿಗಳನ್ನು ಎಣಿಸಬಹುದು.