ಮಿಡಿತಗಳ ನಡುವಿನ ಅಂತರ

ಹೃದಯಾಘಾತದಿಂದ ಚೇತರಿಸಿಕೊಂಡವನು ಆಸ್ಪತ್ರೆಯಿಂದ ಮನೆಗೆ ಹೊರಟಾಗ, ಅವನ ಮನೆಯವರು ವೈದ್ಯರನ್ನು ಬಾಗಿಲ ಬಳಿ ತಡೆದು, ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆಯೊಂದಿದೆ: "ಇನ್ನು ಭಯವಿಲ್ಲವಷ್ಟೆ?" ಈ ಪ್ರಶ್ನೆಗೆ ಉತ್ತರ ಹುಡುಕಹೊರಟ ವಿಜ್ಞಾನಿಗಳು ಒಂದು ವಿಚಿತ್ರವಾದ ಸಂಗತಿಯನ್ನು ಕಂಡುಕೊಂಡರು. ಇಂದು ಅದನ್ನು ಕುರಿತು ನಾಲ್ಕು ಮಾತು ಹೇಳುತ್ತೇನೆ.

ಗಟ್ಟಿಮುಟ್ಟಾದ ಮನುಷ್ಯನ ನಾಡಿ ಗಡಿಯಾರದಂತೆ ನಡೆಯುತ್ತದೆಂದು ನಾವು ಹೊಗಳುವುದುಂಟು. ಹೊಗಳಿಕೆಯೇನೋ ಸರಿ, ಉಪಮೆ ಮಾತ್ರ ಸರಿಯಲ್ಲ. ನಿಮಿಷಕ್ಕೆ 60 ಬಾರಿ ಮಿಡಿಯುವ ಹೃದಯದ ಎರಡು ಮಿಡಿತಗಳ ನಡುವೆ ಪ್ರತಿಸಲವೂ ಒಂದೇ ಸೆಕೆಂಡಿನ ಅಂತರವಿರುವುದಿಲ್ಲ. ಸೆಕೆಂಡಿನ ಸಾವಿರದಲ್ಲೊಂದು ಪಾಲಾದ ಮಿಲಿಸೆಕೆಂಡಿನಲ್ಲಿ ಅಳೆದರೆ, ಅದು ಒಮ್ಮೆ 960, ಒಮ್ಮೆ 1,030, ಮತ್ತೊಮ್ಮೆ 1,010 ಇದ್ದೀತು. ಉಸಿರನ್ನು ಒಳಗೆಳೆದಾಗ ನಾಡಿ ತುಸು ತ್ವರೆಗೊಳ್ಳುತ್ತದೆ, ಹೊರಬಿಟ್ಟಾಗ ನಿಧಾನಿಸುತ್ತದೆ. ಎಳೆಯ ವಯಸ್ಸಿನವರ ಮಣಿಕಟ್ಟಿನ ಮೇಲೆ ಬೆರಳಿಟ್ಟು ನೋಡಿದರೆ ಇದು ನಮ್ಮ ಅರಿವಿಗೇ ಬರುತ್ತದೆ.

ಹೀಗೇಕೆ? ಹೃದಯಕ್ಕೆ ತನ್ನದೇ ಆದ ಲಯವಿದೆ. ಆದರೆ ಆ ರಥವನ್ನು ಎರಡು ಬಗೆಯ ನರಗಳು ನಡೆಸುತ್ತವೆ. ಅನುಕಂಪಿ ನರಗಳು ಚಾವಟಿಯಂತೆ. ಶ್ರಮ, ಸಿಟ್ಟು, ಭಯಗಳಲ್ಲಿ ವೇಗವನ್ನು ಹೆಚ್ಚಿಸುತ್ತವೆ. ಮೆದುಳಿನಿಂದ ಇಳಿದುಬರುವ ವೇಗಸ್ ನರ ಕಡಿವಾಣದಂತೆ. ಕ್ಷಣಕ್ಷಣಕ್ಕೂ ಬಿಗಿದು, ಸಡಿಲಿಸಿ, ವೇಗವನ್ನು ತಗ್ಗಿಸುತ್ತದೆ. ಮಿಡಿತಗಳ ನಡುವಣ ಏರಿಳಿತವೆಂದರೆ ಸಾರಥಿ ಎಚ್ಚರವಾಗಿದ್ದಾನೆಂಬುದರ ಗುರುತು.

ಹೃದಯಾಘಾತದಲ್ಲಿ ರಕ್ತ ಸಿಗದೆ ಹೃದಯದ ಸ್ನಾಯುವಿನ ಒಂದು ಭಾಗ ಸಾಯುತ್ತದೆ. ಅಲ್ಲಿನ ನರತಂತುಗಳಿಗೂ ಪೆಟ್ಟು ಬೀಳುತ್ತದೆ. ಚಾವಟಿಯ ಹೊಡೆತ ಹೆಚ್ಚಿ ಕಡಿವಾಣದ ಹಿಡಿತ ಸಡಿಲವಾಗುತ್ತದೆ. ಆಗ ಮಿಡಿತ ಯಂತ್ರದಂತೆ ಏಕರೂಪವಾಗುತ್ತದೆ. ಪ್ರಾಣಾಂತಿಕ ಲಯಭಂಗಕ್ಕೂ ಹಾದಿ ಸುಗಮವಾಗುತ್ತದೆ.

1978ರಲ್ಲಿ ಆಸ್ಟ್ರೇಲಿಯದ ವೈದ್ಯಪತ್ರಿಕೆಯೊಂದರಲ್ಲಿ ಇದರ ಮೊದಲ ಸುಳಿವು ಪ್ರಕಟವಾಯಿತು. 1987ರಲ್ಲಿ ಅಮೆರಿಕದ ಕ್ಲೈಗರ್ ಮತ್ತು ಸಂಗಡಿಗರು, ಆಘಾತದಿಂದ ಉಳಿದುಕೊಂಡ 808 ಜನರ 24 ಗಂಟೆಗಳ ಹೃದಯ ವಿದ್ಯುಲ್ಲೇಖವನ್ನು ಪರಿಶೀಲಿಸಿ, ಸರಾಸರಿ 31 ತಿಂಗಳು ಅವರ ಯೋಗಕ್ಷೇಮವನ್ನು ಗಮನಿಸಿದರು. ಏರಿಳಿತದ ಅಳತೆ 50 ಮಿಲಿಸೆಕೆಂಡಿಗಿಂತ ಕಡಿಮೆಯಿದ್ದವರಲ್ಲಿ, 100ಕ್ಕಿಂತ ಹೆಚ್ಚಿದ್ದವರಿಗೆ ಹೋಲಿಸಿದರೆ, ಸಾವಿನ ಅಪಾಯ ಐದು ಪಟ್ಟಿಗೂ ಮಿಗಿಲಾಗಿತ್ತು. 1998ರಲ್ಲಿ ಪ್ರಕಟವಾದ, 1,284 ರೋಗಿಗಳನ್ನೊಳಗೊಂಡ ಇನ್ನೊಂದು ಅಧ್ಯಯನವೂ ಇದನ್ನು ಸಮರ್ಥಿಸಿತು.

'ಐದು ಪಟ್ಟು' ಎಂಬ ಮಾತು ಯಾರನ್ನಾದರೂ ನಡುಗಿಸೀತು. ಆದರೆ ಅಳತೆ ತೀರ ಕಡಿಮೆಯಿದ್ದ ಆ ಗುಂಪಿನಲ್ಲಿಯೂ ಬಹುಪಾಲು ಜನ ಬದುಕಿಯೇ ಇದ್ದರೆಂಬುದನ್ನು ಮರೆಯಬಾರದು. ಅಂಕಿಅಂಶ ಗುಂಪಿನ ಮಾತನ್ನು ಹೇಳುತ್ತದೆ. ಮನೆಗೆ ಹೊರಟು ನಿಂತಿರುವ ಈ ಒಬ್ಬನ ಹಣೆಬರಹವನ್ನಲ್ಲ. ಮೇಲಾಗಿ ಅವು ಹಿಂದಿನ ಕಾಲದ ಲೆಕ್ಕಗಳು. ಮುಚ್ಚಿದ ರಕ್ತನಾಳವನ್ನು ಕೆಲವೇ ಗಂಟೆಗಳಲ್ಲಿ ತೆರೆಯುವ ಇಂದಿನ ಚಿಕಿತ್ಸೆ ಎಷ್ಟೋ ಜನರ ಪಾಡನ್ನು ಹಗುರಗೊಳಿಸಿದೆ.

ಲಕ್ಷಣವನ್ನು ಕಂಡಮಾತ್ರಕ್ಕೆ ಮದ್ದು ಸಿಕ್ಕಿತೆಂದೂ ತಿಳಿಯುವಂತಿಲ್ಲ. ಹೃದಯದ ಬಲ ಕುಂದಿ, ನರಗಳ ಹಿಡಿತವೂ ತಪ್ಪಿದ 674 ರೋಗಿಗಳ ಮೇಲೆ ನಡೆದ ಪ್ರಯೋಗವೊಂದರ ಫಲಿತಾಂಶ 2004ರಲ್ಲಿ ಹೊರಬಂತು. ಆಘಾತವಾದ ಕೆಲವೇ ವಾರಗಳಲ್ಲಿ ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ, ಲಯಭಂಗವನ್ನು ವಿದ್ಯುತ್ತಿನಿಂದ ಸರಿಪಡಿಸುವ ಪುಟ್ಟ ಉಪಕರಣವನ್ನು ಅಳವಡಿಸಿದ್ದರು. ಲಯಭಂಗದ ಸಾವುಗಳು ಕಡಿಮೆಯಾದವು. ಇತರ ಕಾರಣಗಳ ಸಾವುಗಳು ಹೆಚ್ಚಿದವು. ಒಟ್ಟು ಸಾವುಗಳು ತಗ್ಗಲಿಲ್ಲ. ಇದೇ ಉಪಕರಣ ಬೇರೆ ಸನ್ನಿವೇಶಗಳಲ್ಲಿ ಎಷ್ಟೋ ಜೀವಗಳನ್ನು ಉಳಿಸಿದೆಯೆಂಬುದೂ ನಿಜ. ಏರಿಳಿತ ಕುಗ್ಗಿದ ಹೃದಯದ ಕಷ್ಟ ಲಯವೊಂದರದೇ ಅಲ್ಲ ಎಂಬುದು ಇದರಿಂದ ಕಲಿತ ಪಾಠ. ಆದುದರಿಂದಲೇ ವೈದ್ಯರು ಈ ಒಂದು ಸಂಖ್ಯೆಯನ್ನು ನೆಚ್ಚಿಕೊಂಡು ಕೂರುವುದಿಲ್ಲ. ಹೃದಯ ಪ್ರತಿ ಮಿಡಿತಕ್ಕೂ ಎಷ್ಟು ರಕ್ತವನ್ನು ಹೊರದೂಡುತ್ತದೆಂಬುದನ್ನು ಮುಖ್ಯವಾಗಿ ನೋಡುತ್ತಾರೆ.

ಇನ್ನೆರಡು ಎಚ್ಚರಿಕೆಗಳು. ಏರಿಳಿತ ಒಳ್ಳೆಯದೆಂದ ಮಾತ್ರಕ್ಕೆ ಲಯಗೆಟ್ಟು ಕುಣಿಯುವ ನಾಡಿ ಒಳ್ಳೆಯದಲ್ಲ. ಅದು ಬೇರೆಯೇ ಕಾಯಿಲೆ. ಹಾಗೆಯೇ, ಇಂದಿನ ಕೈಗಡಿಯಾರಗಳು ಅಲ್ಪಕಾಲ ಅಳೆದು ತೋರಿಸುವ ಅಂಕಿಯನ್ನು 24 ಗಂಟೆಗಳ ಅಳತೆಯೊಡನೆ ಹೋಲಿಸಿ ಕಳವಳಪಡಬಾರದು.

ಕಡಿವಾಣವನ್ನು ಮತ್ತೆ ಬಿಗಿಗೊಳಿಸಲು ಸಾಧ್ಯವೆ? ಒಂದಿಷ್ಟು ಸಾಧ್ಯ. ವೈದ್ಯರ ಸಲಹೆಯಂತೆ ದಿನವೂ ನಡೆದಾಡುವುದು, ಬೀಡಿ ಸಿಗರೇಟುಗಳನ್ನು ತೊರೆಯುವುದು, ನರಗಳನ್ನೇ ಕೆಡಿಸುವ ಸಿಹಿಮೂತ್ರ ರೋಗವನ್ನು ಹತೋಟಿಯಲ್ಲಿಡುವುದು, ಚಾವಟಿಯ ಹೊಡೆತವನ್ನು ತಗ್ಗಿಸುವ ಬೀಟಾ ನಿರೋಧಕ ಗುಳಿಗೆಗಳನ್ನು ಬರೆದುಕೊಟ್ಟಿದ್ದರೆ ತಪ್ಪದೆ ನುಂಗುವುದು: ಇವೆಲ್ಲ ಹಳೆಯ ಮಾತುಗಳೇ. ಬಾಗಿಲ ಬಳಿ ಕೇಳಿದ ಆ ಪ್ರಶ್ನೆಗೆ ಇಂದಿಗೂ ವೈದ್ಯರು 'ಭಯವಿಲ್ಲ' ಎಂದು ಮುಚ್ಚಳಿಕೆ ಬರೆದುಕೊಡಲಾರರು. "ಇಷ್ಟನ್ನು ಮಾಡಿ, ಮುಂದಿನ ತಿಂಗಳು ಕರೆದುಕೊಂಡು ಬನ್ನಿ" ಎಂದು ಹೇಳಬಲ್ಲರು.