ಸನ್ನತಿಯ ಸೀಮೆಯಲ್ಲಿ ಶಾಲೆಯ ವರ್ಷಾಂತ್ಯ



ಪರೀಕ್ಷೆ ಮುಗಿದು ರಜೆ ಬರುವ ದಿನವೆಂದರೆ ಮಕ್ಕಳಿಗೆ ಹಬ್ಬ. ಆ ದಿನದ ಅರ್ಥವೇನೆಂದು ದೊಡ್ಡವರು ವಿಚಾರಮಾಡುವುದು ಕಡಮೆ. ನಮ್ಮ ನಾಡಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಅದು ಸಾಮಾನ್ಯವಾಗಿ ಏಪ್ರಿಲ್ ತಿಂಗಳ 10ನೆಯ ತಾರೀಖು. ಅಂದು ಉಪಾಧ್ಯಾಯರು ಫಲಿತಾಂಶವನ್ನು ಓದಿಹೇಳುವರು. ತಂದೆತಾಯಿಗಳನ್ನು ಬರಮಾಡಿಕೊಂಡು ಮಕ್ಕಳ ಪ್ರಗತಿಯನ್ನು ತಿಳಿಸುವರು. ಬರುವ ವರ್ಷದ ಮಾತನ್ನೂ ಒಂದಿಷ್ಟು ಆಡುವರು. ‘ಸಮುದಾಯದತ್ತ ಶಾಲೆ’ ಎಂಬ ಹೆಸರಿನಿಂದ ಈ ಸಭೆಯನ್ನು ಕೂಡಿಸುವುದು ವಾಡಿಕೆಯಾಗಿದೆ. ಈ ಸಭೆಯು ಯಾತಕ್ಕಾಗಿ, ಅದರಲ್ಲಿ ಏನು ತೀರ್ಮಾನವಾಗುತ್ತದೆ, ಅದಕ್ಕೆ ಬಾರದವರ ಗತಿಯೇನು, ಎಂಬ ಮೂರು ಪ್ರಶ್ನೆಗಳನ್ನು ನಾವು ಇಂದು ಎತ್ತಿಕೊಂಡಿದ್ದೇವೆ. ನಿದರ್ಶನಕ್ಕಾಗಿ ಕಲಬುರಗಿ ಜಿಲ್ಲೆಯ ಸನ್ನತಿಯ ಸೀಮೆಯನ್ನು ಆರಿಸಿದ್ದೇವೆ.

ಸನ್ನತಿಯು ಚಿತ್ತಾಪುರ ತಾಲ್ಲೂಕಿಗೆ ಸೇರಿದ, ಭೀಮಾನದಿಯ ದಡದ ಗ್ರಾಮ. ಚಂದ್ರಲಾಂಬಾದೇವಿಯ ಕ್ಷೇತ್ರವೆಂದು ಭಕ್ತರಿಗೂ, ಕನಗನಹಳ್ಳಿಯ ಬೌದ್ಧ ಸ್ತೂಪದ ನೆರೆಯೂರೆಂದು ಇತಿಹಾಸಪ್ರಿಯರಿಗೂ ಇದು ಪರಿಚಿತವಾಗಿದೆ. 1986ರಲ್ಲಿ ಇಲ್ಲಿಯ ಕಾಳಿಕಾದೇವಿಯ ಗುಡಿಯ ಮಾಳಿಗೆ ಕುಸಿದುಬಿತ್ತು. ಆಗ ವಿಗ್ರಹದ ಪೀಠಕ್ಕೆ ಆಧಾರವಾಗಿದ್ದ ಚಪ್ಪಡಿಯ ಎರಡು ಮುಖಗಳಲ್ಲಿಯೂ ಬ್ರಾಹ್ಮೀ ಲಿಪಿಯ ಬರಹ ಇರುವುದು ಕಂಡುಬಂದಿತು. ಅದು ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕ ಚಕ್ರವರ್ತಿಯ ಶಾಸನ. ವಿಗ್ರಹವನ್ನು ನಿಲ್ಲಿಸುವುದಕ್ಕಾಗಿ ಹಿಂದಿನವರು ನಡುವೆ ರಂಧ್ರವನ್ನು ಕೊರೆದುದರಿಂದ ಬರಹದ ಒಂದು ಭಾಗ ಅಳಿದುಹೋಗಿದೆ. ಉಳಿದುದರಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಧರ್ಮಲಿಪಿಗಳೂ, ಪ್ರತ್ಯೇಕ ಶಾಸನಗಳೆಂದು ವಿದ್ವಾಂಸರು ಕರೆಯುವ ಎರಡು ಆಜ್ಞೆಗಳ ಭಾಗಗಳೂ ಇವೆ.

ಶಾಲೆಯ ಮಾತಿನಲ್ಲಿ ಶಾಸನವೇಕೆಂದು ಕೇಳಬಹುದು. ಈ ಪ್ರತ್ಯೇಕ ಶಾಸನಗಳ ಹೆಚ್ಚು ಪೂರ್ಣವಾದ ಪಾಠವು ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ದೊರೆತಿದೆ. ಪ್ರಜೆಗಳೆಲ್ಲರೂ ತನ್ನ ಮಕ್ಕಳೆಂದು ದೊರೆಯು ಅಲ್ಲಿ ಹೇಳಿಕೊಳ್ಳುತ್ತಾನೆ. ಅಧಿಕಾರಿಗಳು ಅಸೂಯೆ, ಕಾಠಿನ್ಯ, ಆತುರ, ಆಲಸ್ಯ, ದಣಿವು ಇವುಗಳಿಗೆ ಒಳಗಾಗಬಾರದೆಂದು ಎಚ್ಚರಿಸುತ್ತಾನೆ. ಅದರ ಮುಂದೆ ಆಡಳಿತದ ಒಂದು ಸೂಕ್ಷ್ಮವನ್ನು ಸೇರಿಸುತ್ತಾನೆ. ಈ ಆಜ್ಞೆಯನ್ನು ತಿಷ್ಯಾ ನಕ್ಷತ್ರದ ದಿನ ಜನರಿಗೆ ಕೇಳಿಸತಕ್ಕದ್ದು, ನಾಲ್ಕು ತಿಂಗಳಿಗೊಮ್ಮೆ ಬರುವ ಋತುವಿನಲ್ಲಿ ಕೇಳಿಸತಕ್ಕದ್ದು, ನಡುನಡುವೆಯೂ ಕೇಳಿಸಬಹುದು, ಕೇಳುವವನು ಒಬ್ಬನೇ ಇದ್ದರೂ ಕೇಳಿಸಬಹುದು. ಬರೆದು ನಿಲ್ಲಿಸಿದ ಮಾತ್ರಕ್ಕೆ ಸಮಾಚಾರ ಮುಟ್ಟಿದಂತಾಗಲಿಲ್ಲ, ಗೊತ್ತಾದ ದಿನದಲ್ಲಿ ಗೊತ್ತಾದ ಜನಕ್ಕೆ ಓದಿಹೇಳಬೇಕು, ಎಂಬ ತಿಳಿವಳಿಕೆ ಇದರಲ್ಲಿದೆ. ವರ್ಷಾಂತ್ಯದ ಶಾಲಾಸಭೆಗೆ ಇದಕ್ಕಿಂತ ಹಳೆಯ ಪೂರ್ವಪದ್ಧತಿಯನ್ನು ನಾವು ಕಾಣೆವು.

ಆದರೆ ಇದೇ ಸೀಮೆಯಲ್ಲಿ ಜನಕ್ಕೆ ತಿಳಿಯುವ ಮಾತಿನಲ್ಲಿ ಶಾಲೆ ನಡೆಯುವುದು ಬಹುಕಾಲ ಸುಲಭವಾಗಿರಲಿಲ್ಲ. 1948ರ ಸೆಪ್ಟೆಂಬರ್‌ವರೆಗೆ ಗುಲ್ಬರ್ಗಾ ಪ್ರಾಂತವು ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನಭಾಷೆಯೂ ಉರ್ದು. ಕನ್ನಡ ಮನೆಮಾತಿನ ಬಾಲಕನು ಮೇಲಿನ ತರಗತಿಗೆ ಏರಬೇಕಾದರೆ ತನ್ನದಲ್ಲದ ಭಾಷೆಯ ಮೆಟ್ಟಿಲನ್ನು ಹತ್ತಬೇಕಾಗಿತ್ತು. ಗುಲ್ಬರ್ಗೆಯಲ್ಲಿ 1907ರಲ್ಲಿ ಆರಂಭವಾದ ನೂತನ ವಿದ್ಯಾಲಯದಂಥ ಸಂಸ್ಥೆಗಳು ಈ ಕೊರತೆಯನ್ನು ತುಂಬಲು ಶ್ರಮಿಸಿದುವು. 1956ರ ನವೆಂಬರ್ 1ರಂದು ಈ ಜಿಲ್ಲೆಗಳು ಕನ್ನಡ ರಾಜ್ಯದಲ್ಲಿ ಸೇರಿದುವು. ಹಿಂದುಳಿದಿರುವಿಕೆಯನ್ನು ರಾಜ್ಯಾಂಗವೇ ಒಪ್ಪಿ, 2012ರ ತೊಂಬತ್ತೆಂಟನೆಯ ತಿದ್ದುಪಡಿಯಿಂದ 371ಜೆ ಎಂಬ ವಿಧಿಯನ್ನು ಸೇರಿಸಿತು. ಸನ್ನತಿಯ ಸೀಮೆಯ ಅನೇಕ ಮನೆಗಳಲ್ಲಿ ಇಂದಿಗೂ ಶಾಲೆಯ ಚೀಟಿಯನ್ನು ಮೊದಲು ಓದುವವನು ಆ ಮನೆಯ ಮಗುವೇ ಆಗಿರುವುದಕ್ಕೆ ಈ ಚರಿತ್ರೆಯು ಒಂದು ಕಾರಣ.

ಈಗ ಶಾಲೆಯ ವರ್ಷದ ಕಟ್ಟನ್ನು ನೋಡೋಣ. 2024–25ನೆಯ ಸಾಲಿನಲ್ಲಿ ಮೊದಲನೆಯ ಅವಧಿಯು ಮೇ 29ರಂದು ತೊಡಗಿ ಅಕ್ಟೋಬರ್ 2ಕ್ಕೆ ಮುಗಿಯಿತು. ದಸರಾ ರಜೆಯ ಮೇಲೆ ಎರಡನೆಯ ಅವಧಿಯು ಅಕ್ಟೋಬರ್ 21ರಿಂದ ಏಪ್ರಿಲ್ 10ರವರೆಗೆ ನಡೆಯಿತು. ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ 200, ಆರರಿಂದ ಎಂಟರವರೆಗೆ 220 ಕೆಲಸದ ದಿನಗಳು ಇರಲೇಬೇಕೆಂದು 2009ರ ಶಿಕ್ಷಣದ ಹಕ್ಕಿನ ಕಾನೂನು ವಿಧಿಸಿದೆ. ಮೌಲ್ಯಮಾಪನವೂ ಒಂದೇ ದಿನದ ಕೆಲಸವಲ್ಲ. ವರ್ಷದ ಉದ್ದಕ್ಕೂ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳು, ಅವಧಿಯ ಕೊನೆಗೊಂದರಂತೆ ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ನಡೆಯುತ್ತವೆ. ಮಗುವು ಎಡವಿದ ಸ್ಥಳವನ್ನು ದಾರಿಯಲ್ಲಿಯೇ ಗುರುತಿಸಿ ತಿದ್ದಬೇಕೆಂಬುದು ಇದರ ಆಶಯ. ಆದಕಾರಣ ವರ್ಷಾಂತ್ಯದ ವರದಿಯನ್ನು ಗೆದ್ದವರ ಪಟ್ಟಿಯೆಂದು ತಿಳಿಯುವುದು ತಪ್ಪು. ‘ನಿಮ್ಮ ಮಗಳು ಸಾರಾಂಶವನ್ನು ಹೇಳಬಲ್ಲಳು, ಆದರೆ ಕೈಯಲ್ಲಿ ದಶಕವನ್ನಿಟ್ಟುಕೊಂಡು ಕಳೆಯುವ ಲೆಕ್ಕದಲ್ಲಿ ತಡವರಿಸುತ್ತಾಳೆ’ ಎಂದು ಉಪಾಧ್ಯಾಯರು ಹೇಳಿದರೆ, ಆ ತಾಯಿಗೆ ಬೇಸಿಗೆಯ ಐವತ್ತು ದಿನಗಳಿಗೆ ಒಂದು ಕೆಲಸ ದೊರೆಯಿತು. ‘ಬಿ ಶ್ರೇಣಿ’ ಎಂದಷ್ಟೇ ಹೇಳಿದರೆ ಏನೂ ದೊರೆಯಲಿಲ್ಲ.

ಈ ಸುದ್ದಿಗೆ ಮೇಲಿನಿಂದಲೂ ವಿಘ್ನಗಳು ಬರುವುದುಂಟು. 2024ರಲ್ಲಿ ಐದು ಮತ್ತು ಎಂಟನೆಯ ತರಗತಿಯ ಮಕ್ಕಳಿಗೆ ರಾಜ್ಯಮಟ್ಟದ ಮೌಲ್ಯಾಂಕನ ಪರೀಕ್ಷೆ ನಡೆದು, ವಿವಾದವು ನ್ಯಾಯಸ್ಥಾನಗಳನ್ನು ಹತ್ತಿತು. ಏಪ್ರಿಲ್ 8ರಂದು, ಅಂದರೆ ಸಭೆಗೆ ಇನ್ನೆರಡೇ ದಿನಗಳಿರುವಾಗ, ಸುಪ್ರೀಂ ಕೋರ್ಟು ಫಲಿತಾಂಶಕ್ಕೆ ತಡೆಯನ್ನಿತ್ತಿತು. ಅಂಥ ವರ್ಷದಲ್ಲಿಯೂ ತಮ್ಮ ಕೈಬರಹದ ದಾಖಲೆಗಳನ್ನು ವರ್ಷವಿಡೀ ಕ್ರಮವಾಗಿ ಇಟ್ಟಿದ್ದ ಉಪಾಧ್ಯಾಯರಿಗೆ ತಂದೆತಾಯಿಗಳ ಮುಂದೆ ಹೇಳಲು ಮಾತಿಗೆ ಕೊರತೆಯಿರಲಾರದು.

ಇನ್ನು ಸಭೆಗೆ ಬಾರದವರ ವಿಚಾರ. ಈ ನೆಲವು ತೊಗರಿಯ ಕಣಜ. ಗುಲ್ಬರ್ಗಾ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂದಿದೆ. ಮಳೆಗಾಲದ ಆರಂಭದಲ್ಲಿ ಬಿತ್ತಿದ ತೊಗರಿಯು ಡಿಸೆಂಬರ್, ಜನವರಿಗಳಲ್ಲಿ ಕಟಾವಾಗುತ್ತದೆ. ರಾಶಿ ಮುಗಿದ ಮೇಲೆ ಮಳೆಯನ್ನೇ ನಂಬಿದ ಹೊಲದಲ್ಲಿ ಕೂಲಿಯಿಲ್ಲ. ವಾಡಿ, ಶಹಾಬಾದ, ಸೇಡಂ ಕಡೆಯ ಸಿಮೆಂಟು ಕಾರ್ಖಾನೆಗಳೂ ಹಾಸುಗಲ್ಲಿನ ಗಣಿಗಳೂ ಎಲ್ಲರಿಗೂ ಕೆಲಸ ಕೊಡಲಾರವು. ಆದುದರಿಂದ ಈ ಜಿಲ್ಲೆಯ ಎಷ್ಟೋ ಸಂಸಾರಗಳು ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ಗಂಟುಮೂಟೆಯೊಡನೆ ಹೊರಡುತ್ತವೆ. ಅಜ್ಜಿಯಿದ್ದ ಮನೆಯ ಮಗು ಊರಿನಲ್ಲಿ ಉಳಿಯುತ್ತದೆ. ಅಜ್ಜಿಯಿಲ್ಲದ ಮಗು ತಂದೆತಾಯಿಗಳ ಸಂಗಡ ಹೋಗುತ್ತದೆ. ಅಲ್ಲಿಗೆ ಎರಡನೆಯ ಅವಧಿಯ ಅರ್ಧವು ಹಾಜರಿ ಪುಸ್ತಕದಲ್ಲಿ ಖಾಲಿಯಾಗುತ್ತದೆ. ಏಪ್ರಿಲ್ 10ರ ಸುದ್ದಿಯನ್ನು ಯಾರಿಗೆ ಹೇಳುವುದು ಅತ್ಯವಶ್ಯವೋ ಅವರೇ ಅಂದು ಊರಿನಲ್ಲಿರುವುದಿಲ್ಲ.

ಇದರಿಂದ ಆಗುವ ಹಾನಿ ಆ ಒಂದು ಮಗುವಿಗೆ ಮಾತ್ರ ನಿಲ್ಲುವುದಿಲ್ಲ. ಕಾನೂನಿನ ಪ್ರಕಾರ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು ಉಪಾಧ್ಯಾಯರು ಇರಬೇಕು. ಒಂದು ಹಳ್ಳಿಯ ಶಾಲೆಯಲ್ಲಿ 63 ಮಕ್ಕಳಿದ್ದಾರೆಂದು ಇಟ್ಟುಕೊಳ್ಳೋಣ. ವಲಸೆ ಹೋದ ಎರಡು ಸಂಸಾರಗಳ ಮೂರು ಮಕ್ಕಳು ಜೂನ್‌ನಲ್ಲಿ ಹಿಂತಿರುಗದಿದ್ದರೆ ಲೆಕ್ಕವು 60ಕ್ಕೆ ಇಳಿಯಿತು. ಮೂರನೆಯ ಉಪಾಧ್ಯಾಯರ ಸ್ಥಾನಕ್ಕೆ ಆಧಾರ ತಪ್ಪಿತು. ಆಗ ಇಬ್ಬರು ಐದು ತರಗತಿಗಳನ್ನು ಹಂಚಿಕೊಳ್ಳಬೇಕು. ಅವರಲ್ಲೊಬ್ಬರು ಲೆಕ್ಕಪತ್ರದ ಕೆಲಸಕ್ಕೋ ತರಬೇತಿಗೋ ಹೋದ ದಿನ, ಅರವತ್ತು ಮಕ್ಕಳಿಗೂ ಒಬ್ಬರೇ. ಮೂರು ಹೆಸರುಗಳು ಇಡೀ ಶಾಲೆಯ ವರ್ಷವನ್ನು ಹೀಗೆ ತಿರುಗಿಸಬಲ್ಲವು.

ಆದುದರಿಂದಲೇ ವರ್ಷಾಂತ್ಯದ ಯೋಜನೆಯು ಸುಣ್ಣಬಣ್ಣದ ಮಾತಿನಿಂದ ಆರಂಭವಾಗದೆ ಹೆಸರುಗಳಿಂದ ಆರಂಭವಾಗುವುದು ಒಳ್ಳೆಯದು. ಇದಕ್ಕೆ ತಕ್ಕ ಅಧಿಕಾರವುಳ್ಳ ಮಂಡಲಿಯೂ ಇದೆ. 2001ರ ಆಜ್ಞೆಯಿಂದ ಕರ್ಣಾಟಕದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಏರ್ಪಟ್ಟುವು. ಶಾಲಾ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರೂ, ಅರ್ಧದಷ್ಟು ಸ್ತ್ರೀಯರೂ ಇರಬೇಕೆಂದೂ, ಶಾಲೆಯ ಅಭಿವೃದ್ಧಿ ಯೋಜನೆಯನ್ನು ಆ ಸಮಿತಿಯೇ ಸಿದ್ಧಪಡಿಸಬೇಕೆಂದೂ 2009ರ ಕಾನೂನು ಹೇಳುತ್ತದೆ. ಆ ಯೋಜನೆಯಲ್ಲಿ ತರಗತಿವಾರು ಮಕ್ಕಳ ಅಂದಾಜು ಮೊದಲನೆಯದು; ಉಪಾಧ್ಯಾಯರು, ಕೊಠಡಿ, ಸಲಕರಣೆಗಳು ಅದನ್ನು ಅನುಸರಿಸುತ್ತವೆ. ಸಮಿತಿಯ ತಾಯಂದಿರಿಗೆ ಯಾವ ಮನೆಯವರು ಎಲ್ಲಿಗೆ ಹೋಗಿದ್ದಾರೆ, ಯಾವಾಗ ಬರುತ್ತಾರೆ ಎಂಬುದು ಬಾಯಲ್ಲಿಯೇ ಇರುತ್ತದೆ. ಆ ತಿಳಿವಳಿಕೆಯನ್ನು ಒಂದು ಹಾಳೆಗೆ ಇಳಿಸಿ, ಪ್ರತಿಯೊಂದು ಹೆಸರಿನ ಮುಂದೆ ಈಗಿರುವ ಸ್ಥಳ, ಮಾತನಾಡಿಸಬಹುದಾದ ದೂರವಾಣಿ, ಊರಿನಲ್ಲಿರುವ ಬಂಧು, ಇಷ್ಟನ್ನು ಬರೆದಿಟ್ಟರೆ, ಜೂನ್ ತಿಂಗಳ ದಾಖಲಾತಿ ಆಂದೋಲನದ ಅರ್ಧ ಕೆಲಸ ಏಪ್ರಿಲ್‌ನಲ್ಲಿಯೇ ಮುಗಿದಂತಾಗುತ್ತದೆ.

ಬೇಸಿಗೆಯ ಮಾತನ್ನೂ ಸಭೆಯು ಮರೆಯಬಾರದು. ಇಲ್ಲಿಯ ಏಪ್ರಿಲ್, ಮೇ ತಿಂಗಳ ತಾಪವು ನಲವತ್ತು ಡಿಗ್ರಿಗಳನ್ನು ದಾಟುವುದರಿಂದ, ವರ್ಷದ ಕೊನೆಯ ವಾರಗಳಲ್ಲಿ ಬೆಳಗಿನ ಹೊತ್ತಿನಲ್ಲಿಯೇ ಶಾಲೆಯನ್ನು ನಡೆಸುವುದುಂಟು. ರಜೆ ಬಂದೊಡನೆ ಪಾಠದೊಡನೆ ಊಟವೂ ನಿಲ್ಲುತ್ತದೆ. ಮಧ್ಯಾಹ್ನದ ಬಿಸಿಯೂಟವು ರಾಜ್ಯದಲ್ಲಿ 2002ರಲ್ಲಿ ಮೊದಲು ಆರಂಭವಾದುದೇ ಕಲಬುರಗಿಯನ್ನೊಳಗೊಂಡ ಏಳು ಜಿಲ್ಲೆಗಳಲ್ಲಿ. ಹಸಿವಿನ ಭೂಪಟವನ್ನು ಸರ್ಕಾರವು ಬಲ್ಲುದು. ಬರಗಾಲದ 2024ರಲ್ಲಿ ರಜೆಯ ದಿನಗಳಲ್ಲಿಯೂ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಊಟವನ್ನು ಮುಂದುವರಿಸಿದರು. ಅಂಥ ವರ್ಷಗಳಲ್ಲಿ ಯಾವ ಶಾಲೆಯಲ್ಲಿ, ಎಷ್ಟು ಹೊತ್ತಿಗೆ ಊಟವೆಂಬುದನ್ನು ಸಭೆಯಲ್ಲಿ ಸ್ಪಷ್ಟವಾಗಿ ಹೇಳತಕ್ಕದ್ದು. ಊಟಕ್ಕೆ ಬಂದ ಮಗುವಿನ ಕೈಗೆ ಒಂದು ಕತೆಯ ಪುಸ್ತಕವನ್ನು ಕೊಟ್ಟು ಕಳುಹಿಸಲು ಹೆಚ್ಚಿನ ವೆಚ್ಚವೇನೂ ಬೇಕಿಲ್ಲ.

ಪಟ್ಟಣವಾಸಿಗಳಾದ ಶ್ರೋತೃಗಳು ಇದೆಲ್ಲವೂ ದೂರದ ಭೀಮಾತೀರದ ಕತೆಯೆಂದು ಎಣಿಸಬಾರದು. ಏಪ್ರಿಲ್ 10ರಂದು ಹಳ್ಳಿಯ ಸಭೆಯಲ್ಲಿ ಕಾಣದ ಮಗುವು ನಿಮ್ಮ ಬೀದಿಯಲ್ಲಿ ಏಳುತ್ತಿರುವ ಮನೆಯ ಮರಳಿನ ರಾಶಿಯ ಮೇಲೆ ಆಡುತ್ತಿರಬಹುದು. ಅದರ ಪಾಲಿಗೆ ಕಾನೂನು ಮೂರು ಮಾತುಗಳನ್ನು ಹೇಳಿದೆ. ಎಲ್ಲಿಗೆ ಹೋದರೂ ಅಲ್ಲಿಯ ಸರ್ಕಾರಿ ಶಾಲೆಯಲ್ಲಿ ಸೇರುವ ಹಕ್ಕು ಅದಕ್ಕುಂಟು. ವರ್ಗಾವಣೆ ಪತ್ರ ಬರುವುದು ತಡವಾಯಿತೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಯಲ್ಲಿ ಕುಳ್ಳಿರಿಸಿ, ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಈ ಮೂರನ್ನು ಆ ಕೂಲಿಗಾರ ತಾಯಿಗೆ ಹೇಳುವವರಾರು? ಮನೆ ಕಟ್ಟಿಸುವ ಯಜಮಾನನು ಒಂದು ಬೆಳಗ್ಗೆ ಮಗುವನ್ನು ಸಮೀಪದ ಶಾಲೆಗೆ ಕರೆದೊಯ್ದರೆ ಸಾಕು. ಊರಿನ ಮುಖ್ಯೋಪಾಧ್ಯಾಯರೊಡನೆ ಐದು ನಿಮಿಷ ದೂರವಾಣಿಯಲ್ಲಿ ಮಾತನಾಡಿದರೆ ಇನ್ನೂ ಉತ್ತಮ. ಆಗ ಹಳ್ಳಿಯ ಹಾಳೆಯಲ್ಲಿ ಆ ಹೆಸರಿನ ಮುಂದೆ ಬರೆಯಲು ಒಂದು ವಿಳಾಸ ದೊರೆಯುತ್ತದೆ.

ಉಪಾಧ್ಯಾಯರಿಗೆ ನಮ್ಮ ವಿಜ್ಞಾಪನೆ ಇಷ್ಟೆ. ಸಭೆಗೆ ಬಂದ ಮೂವತ್ತು ಮಂದಿಗೆ ಹೇಳಿದ ಮೇಲೆ, ಬಾರದ ಮೂವರ ಪಟ್ಟಿಯನ್ನು ಮೇಜಿನ ಮೇಲಿಟ್ಟುಕೊಂಡು ಒಬ್ಬೊಬ್ಬರನ್ನೇ ಕರೆದು ಮಾತನಾಡಬೇಕು. ಆ ಕೆಲಸಕ್ಕೆ ಒಂದು ಮಧ್ಯಾಹ್ನ ಸಾಕು. ಕೇಳುವವನು ಒಬ್ಬನೇ ಇದ್ದರೂ ಕೇಳಿಸಬಹುದೆಂದು ಅಶೋಕನ ಆಜ್ಞೆಯೇ ಇದೆ. ಆ ಆಜ್ಞೆಯ ಕಲ್ಲು ದೊರೆತ ಊರಿನ ಸುತ್ತಿನಲ್ಲಾದರೂ ಈ ಪದ್ಧತಿಯು ನಿಲ್ಲದೆ ನಡೆಯಲಿ, ಜೂನ್ ತಿಂಗಳ ಮೊದಲನೆಯ ಹಾಜರಿಯಲ್ಲಿ ಯಾವ ಹೆಸರಿಗೂ ಉತ್ತರ ತಪ್ಪದಿರಲಿ ಎಂದು ಹಾರೈಸುತ್ತೇವೆ.